ಮಹಾಯುದ್ಧದ ಸಿಪಾಯಿಗಳ ಓಲೆಗಳು: ಒಂದು ಸಾಹಿತ್ಯವಿಚಾರ

ಯುದ್ಧವರ್ಣನೆಯು ನಮ್ಮ ಕವಿಗಳಿಗೆ ಹೊಸದಲ್ಲ. ಮಹಾಕಾವ್ಯದ ಲಕ್ಷಣವನ್ನು ಹೇಳುವಾಗ ದಂಡಿಯು ದಂಡಯಾತ್ರೆಯನ್ನೂ ಕಾಳಗವನ್ನೂ ವರ್ಣ್ಯವಿಷಯಗಳಲ್ಲಿ ಸೇರಿಸಿರುವುದು ಅಲಂಕಾರಶಾಸ್ತ್ರವನ್ನು ಓದಿದವರಿಗೆಲ್ಲ ವಿದಿತವೇ ಆಗಿದೆ. ಆದರೆ ಆ ಯಾತ್ರೆಯಲ್ಲಿ ಕಾಲ್ನಡೆಯಾಗಿ ನಡೆದವನು, ಆ ಕಾಳಗದಲ್ಲಿ ಬಿದ್ದವನು, ತನ್ನ ಮನೆಯನ್ನೂ ಬೀಡಿನ ಬದುಕನ್ನೂ ಒಡೆಯನ ನೀತಿಯನ್ನೂ ಕುರಿತು ತಾನೇ ಬಾಯ್ದೆರೆದು ಆಡಿದ ಮಾತು ನಮ್ಮ ಕಾವ್ಯಗಳಲ್ಲಿ ಬಹು ವಿರಳ. ಬಾಣಭಟ್ಟನು ಇದಕ್ಕೆ ಅಪವಾದವಾಗಿ ನಿಲ್ಲುತ್ತಾನೆ. ಹರ್ಷಚರಿತದ ಏಳನೆಯ ಉಚ್ಛ್ವಾಸದಲ್ಲಿ, ದಂಡು ಹೊರಡುವ ಬೆಳಗಿನ ಗದ್ದಲದ ನಡುವೆ, ಸೇವಕರ ಗೊಣಗಾಟವನ್ನೂ, ಪೈರು ಸೂರೆಹೋದ ಹಳ್ಳಿಗರು ರಾಜನನ್ನೇ ಹಳಿಯುವುದನ್ನೂ ಅವನು ನಮಗೆ ಕೇಳಿಸಿದ್ದಾನೆ. ಕನ್ನಡದಲ್ಲಿ ಪಂಪನು ತಾನೇ ಕಲಿಯೂ ಕವಿಯೂ ಆಗಿದ್ದವನು. ಅರ್ಜುನನ ತೀರ್ಥಯಾತ್ರೆಯ ಪ್ರಸಂಗದಲ್ಲಿ ಬನವಾಸಿಯ ನೆನಪು ಬಂದೊಡನೆ ಅವನ ವಾಣಿಯು ಹೇಗೆ ಬೇರೆಯಾಗುತ್ತದೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಇನ್ನು ವೀರಗಲ್ಲುಗಳು. ಬೇಗೂರಿನ ಪ್ರಸಿದ್ಧ ಶಾಸನಶಿಲೆಯು ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ಮಡಿದುದನ್ನು ಹೇಳುತ್ತದೆ. ಬೆಂಪೂರು 12 ಯಾರಿಗೆ ಸಂದಿತೆಂಬುದನ್ನು ಹೇಳುತ್ತದೆ. ಆನೆಕುದುರೆಗಳನ್ನು ಕಂಡರಿಸಿ ತೋರಿಸುತ್ತದೆ. ನಾಗತ್ತರನು ಏನೆಂದುಕೊಂಡನೆಂಬುದನ್ನು ಹೇಳುವುದು ಕಲ್ಲಿನ ಕೆಲಸವಲ್ಲ.

ಹೀಗಿರುವುದರಿಂದಲೇ 1914ರಿಂದ 1918ರ ವರೆಗೆ ನಡೆದ ಮಹಾಯುದ್ಧದಲ್ಲಿ ಫ್ರಾನ್ಸ್ ದೇಶಕ್ಕೆ ಹೋದ ಭಾರತೀಯ ಸಿಪಾಯಿಗಳ ಓಲೆಗಳು ಸಾಹಿತ್ಯವಿಚಾರಕರ ಕಣ್ಣಿಗೂ ಬೀಳಬೇಕಾದುವು. ಇದುವರೆಗೆ ಅವುಗಳನ್ನು ಬಹುಮಟ್ಟಿಗೆ ಚರಿತ್ರಕಾರರೇ ಕೈಗೆತ್ತಿಕೊಂಡಿದ್ದಾರೆ. 1999ರಲ್ಲಿ ಡೇವಿಡ್ ಒಮಿಸ್ಸಿಯವರು 600ಕ್ಕೂ ಹೆಚ್ಚು ಓಲೆಗಳನ್ನು ಆರಿಸಿ ಪ್ರಕಟಿಸಿದ ಮೇಲೆ ಅವು ಎಲ್ಲರಿಗೂ ಸುಲಭವಾದುವು. 2018ರಲ್ಲಿ ಶಾಂತನು ದಾಸರು ಈ ಯುದ್ಧದ ಭಾರತೀಯ ಸಂಸ್ಕೃತಿಯನ್ನು ಕುರಿತು ಬರೆದ ಬೃಹದ್ಗ್ರಂಥದಲ್ಲಿ ಓಲೆಗಳ ಜೊತೆಗೆ ಹಾಡು, ಚಿತ್ರ, ಧ್ವನಿಮುದ್ರಿಕೆಗಳನ್ನೂ ಪರಿಶೀಲಿಸಿದರು. ಈ ಇಬ್ಬರ ಪರಿಶ್ರಮಕ್ಕೂ ನಾವು ಋಣಿಗಳು. ಆದರೆ ನಮ್ಮ ಅಲಂಕಾರಶಾಸ್ತ್ರದ ಕಡೆಯಿಂದ ಹೇಳಬೇಕಾದ ಮಾತು ಒಂದೆರಡು ಉಳಿದಿವೆಯೆಂದು ತೋರುವುದರಿಂದ ಈ ಲೇಖನಕ್ಕೆ ಕೈಯಿಟ್ಟಿದ್ದೇವೆ.

ಮೊದಲು ವಿಷಯದ ಸ್ವರೂಪವನ್ನು ಹೇಳುತ್ತೇವೆ. 1914ನೆಯ ಸೆಪ್ಟೆಂಬರ್ ತಿಂಗಳ ಕಡೆಯಿಂದ ಮೊದಲ್ಗೊಂಡು ಲಾಹೋರ್, ಮೀರತ್ ಎಂಬ ಎರಡು ಡಿವಿಜನ್ನುಗಳ ಪದಾತಿಗಳೂ, ಅವರ ಹಿಂದೆಯೇ ಕುದುರೆಯ ದಳಗಳೂ ಮಾರ್ಸೇಲ್ಸ್ ರೇವಿನಲ್ಲಿ ಇಳಿದುವು. ಅಕ್ಟೋಬರಿನಲ್ಲಿಯೇ ಅವರಲ್ಲಿ ಹಲವರು ಈಪ್ರ್ ಪಟ್ಟಣದ ಬಳಿಯ ಕಂದಕಗಳಲ್ಲಿದ್ದರು. 1915ನೆಯ ಮಾರ್ಚ್ ತಿಂಗಳಲ್ಲಿ ನವ್ ಶಾಪೆಲ್, ಏಪ್ರಿಲಿನಲ್ಲಿ ವಿಷವಾಯುವಿನ ಈಪ್ರ್, ಸೆಪ್ಟೆಂಬರಿನಲ್ಲಿ ಲೂಸ್. ಆ ವರ್ಷದ ಕೊನೆಗೆ ಪದಾತಿಗಳನ್ನು ಮೆಸೊಪೊಟೇಮಿಯಕ್ಕೆ ಸಾಗಿಸಲಾಯಿತು. ಕುದುರೆಯವರು ಮಾತ್ರ 1918ರ ಮೊದಲ ತಿಂಗಳುಗಳ ವರೆಗೆ ಅಲ್ಲಿಯೇ ಇದ್ದರು. ಇವರಲ್ಲಿ ಪಂಜಾಬಿನ ಸಿಖ್ಖರು, ಮುಸಲ್ಮಾನರು, ಜಾಟರು, ಡೋಗ್ರರು, ಪಠಾಣರು, ಗಢವಾಲಿಗಳು, ಗೂರ್ಖರು ಮುಖ್ಯರು. ಕನ್ನಡನಾಡಿನ ಪಾಲು ಬೇರೆ ದಿಕ್ಕಿನಲ್ಲಿತ್ತು: ಮೈಸೂರು ಮಹಾರಾಜರ ಲ್ಯಾನ್ಸರ್ ದಳವು ಈಜಿಪ್ಟ್, ಪ್ಯಾಲೆಸ್ಟೈನುಗಳಲ್ಲಿ ಕಾದಿ, 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಹಿಡಿಯಿತು. ಆ ವಿಚಾರ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು. ನಮ್ಮ ಪ್ರಸ್ತಾಪ ಫ್ರಾನ್ಸಿನ ಓಲೆಗಳಷ್ಟಕ್ಕೆ.

ಕಂದಕಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಇದ್ದ ಈ ಸಿಪಾಯಿಗಳು ವಾರವೊಂದಕ್ಕೆ 10,000ದಿಂದ 20,000ದ ವರೆಗೆ ಓಲೆಗಳನ್ನು ಬರೆಸುತ್ತಿದ್ದರು. ಸರ್ಕಾರಕ್ಕೆ ವಿರೋಧವಾದ ಬರಹಗಳು ಸೈನ್ಯದೊಳಕ್ಕೆ ನುಸುಳಬಾರದೆಂದು 1914ರಲ್ಲಿಯೇ ಹೋವೆಲ್ ಎಂಬ ಅಧಿಕಾರಿಯನ್ನು ಪತ್ರಪರಿಶೋಧಕನಾಗಿ ನೇಮಿಸಿದರು. ಅವನ ಕಚೇರಿಯು ಬುಲೋನ್ ಪಟ್ಟಣದಲ್ಲಿ ನೆಲೆಸಿತು. ಅಲ್ಲಿ ಓಲೆಗಳನ್ನು ಬಿಚ್ಚಿ ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ, ಕಾಲಕಾಲಕ್ಕೆ ವರದಿಯೊಂದಿಗೆ ಮೇಲಕ್ಕೆ ಕಳುಹಿಸುತ್ತಿದ್ದರು. ಆ ವರದಿಗಳು ಲಂಡನ್ನಿನಲ್ಲಿ ಇಂದಿಗೂ ಇವೆ. ಮೂಲದ ಓಲೆಗಳಾದರೋ ತಮ್ಮ ತಮ್ಮ ಹಳ್ಳಿಗಳಿಗೆ ಹೋಗಿ, ಓದಿಸಲ್ಪಟ್ಟು, ಹರಿದು ಹೋದುವು.

ಆದುದರಿಂದ ನಮ್ಮ ಮುಂದಿರುವ ಪಾಠವು ಮೂರು ಕೈಗಳನ್ನು ದಾಟಿ ಬಂದದ್ದು. ಬಹುಮಂದಿ ಸಿಪಾಯಿಗಳು ಅಕ್ಷರ ಬಲ್ಲವರಲ್ಲ. ಹೇಳಿದುದನ್ನು ಜೊತೆಯವನೋ ದಳದ ಗುಮಾಸ್ತನೋ ಬರೆದನು. ಬರೆದುದನ್ನು ಪರಿಶೋಧಕನು ಆರಿಸಿದನು. ಆರಿಸಿದುದನ್ನು ಭಾಷಾಂತರಕಾರನು ತಿರುಗಿಸಿದನು. ಪಾಠಪರಿಷ್ಕರಣದಲ್ಲಿ ಪಳಗಿದವರು ಇಂಥ ಗ್ರಂಥವನ್ನು ಕಂಡರೆ ತಲೆಯಾಡಿಸಿ ದೂರವಿಡುವುದು ಸಹಜ. ಮಾತೃಕೆಯೇ ಇಲ್ಲ, ಶೈಲಿಯನ್ನು ಕುರಿತು ಏನು ಹೇಳುವುದು?

ಇಲ್ಲಿ ನಮ್ಮ ಸ್ವಾನುಭವವೊಂದನ್ನು ಹೇಳುವುದಕ್ಕೆ ವಾಚಕರು ಕ್ಷಮಿಸಬೇಕು. ನಾವು ಪಾಠಶಾಲೆಯಲ್ಲಿ ಕಾವ್ಯತರಗತಿಯಲ್ಲಿದ್ದಾಗ ಊರಿನ ಮುದುಕಿಯೊಬ್ಬಳು ಮಿಲಿಟರಿಯಲ್ಲಿದ್ದ ಮಗನಿಗೆ ನಮ್ಮಿಂದ ಕಾಗದ ಬರೆಸುತ್ತಿದ್ದಳು. ಜಗುಲಿಯ ಮೇಲೆ ಕುಳಿತು ಅವಳು ಹೇಳುತ್ತ ಹೋಗುವಳು: ಕೆಂದನ ಹಸು ಗಬ್ಬವಾಗಿದೆ, ಹಿತ್ತಿಲ ನುಗ್ಗೆಮರ ಗಾಳಿಗೆ ಬಿತ್ತು, ನೀನು ಬಿಟ್ಟುಹೋದ ಕಂಬಳಿಯನ್ನು ಇಲಿ ಕಡಿಯಿತು. ನಾವು, ಹೊಸದಾಗಿ ಕಲಿತ ವಿದ್ಯೆಯ ಬಿಂಕದಿಂದ, “ಉಭಯಕುಶಲೋಪರಿ ಸಾಂಪ್ರತ” ಎಂದು ಆರಂಭಿಸಿ, ಚಿರಂಜೀವಿಗೆ ಆಶೀರ್ವಾದಗಳನ್ನು ತುಂಬಿ, ಕಂಬಳಿ ನುಗ್ಗೆಗಳು ಪತ್ರದ ಗಾಂಭೀರ್ಯಕ್ಕೆ ತಕ್ಕವಲ್ಲವೆಂದು ಬಿಟ್ಟುಬಿಡುತ್ತಿದ್ದೆವು. ಓದಿ ಹೇಳೆಂದಾಗ ಅವಳು ಕೇಳಿ, “ಚೆನ್ನಾಗಿದೆ ಸ್ವಾಮಿ, ಕಂಬಳಿ ಬರೆದಿರಾ?” ಎನ್ನುವಳು. ಬರೆದಿದೆ ಎನ್ನುತ್ತಿದ್ದೆವು. ಆ ಸುಳ್ಳು ಎಷ್ಟು ದೊಡ್ಡದೆಂಬುದು ಫ್ರಾನ್ಸಿನ ಓಲೆಗಳನ್ನು ಓದುವ ವರೆಗೆ ನಮಗೆ ಹೊಳೆಯಲಿಲ್ಲ. ಏಕೆಂದರೆ, ಮೂರು ಕೈಗಳನ್ನು ದಾಟಿಯೂ ಈ ಓಲೆಗಳಲ್ಲಿ ಉಳಿದು ಬಂದಿರುವುದು ಕಂಬಳಿ, ನುಗ್ಗೆಗಳೇ. ಅಡವಿಟ್ಟ ಹೊಲ ಬಿಡುಗಡೆಯಾಯಿತೆ, ಎಮ್ಮೆಯನ್ನು ಮಾರಿದಿರಾ, ಮಗಳ ಮದುವೆ ಎಲ್ಲಿಗೆ ಬಂತು, ಈ ವರ್ಷ ಮಳೆ ಹೇಗೆ ಎಂಬ ಪ್ರಶ್ನೆಗಳು ಪುಟಪುಟದಲ್ಲಿಯೂ ಇವೆ. ಫ್ರಾನ್ಸಿನ ಬರಹಗಾರ ಗುಮಾಸ್ತರು ನಮಗಿಂತ ಪ್ರಾಮಾಣಿಕರಾಗಿದ್ದರು.

ರಸವನ್ನು ಅದರ ಹೆಸರು ಹೇಳಿ ಕರೆಯುವುದು ದೋಷವೆಂದು ಆಲಂಕಾರಿಕರು ಹೇಳಿದ್ದಾರೆ. ಸ್ವಶಬ್ದವಾಚ್ಯತ್ವವೆಂದು ಅದಕ್ಕೆ ಹೆಸರು. ದುಃಖವಾಗಿದೆಯೆಂದರೆ ದುಃಖ ಕೇಳುವವನಿಗೆ ಮುಟ್ಟುವುದಿಲ್ಲ. ವಿಭಾವಾನುಭಾವಗಳ ಮೂಲಕವೇ ಮುಟ್ಟಬೇಕು. ಕಂದಕದ ಕೆಸರಿನಲ್ಲಿ ಮೊಳಕಾಲುದ್ದ ನಿಂತವನು ತನ್ನ ಕಷ್ಟವನ್ನು ಎರಡು ಮಾತಿನಲ್ಲಿ ಮುಗಿಸಿ, ಬಾವಿಯ ಕಲ್ಲುಕಟ್ಟಡ ಮುಗಿಯಿತೇ ಎಂದು ಕೇಳಿದರೆ, ಆ ಪ್ರಶ್ನೆಯಲ್ಲಿಯೇ ಅವನು ತಾನು ಹಿಂದಿರುಗುವೆನೆಂಬ ಆಸೆಯೂ ಹಿಂದಿರುಗಲಾರೆನೆಂಬ ಭಯವೂ ಸೇರಿಕೊಂಡಿವೆ. ಇದನ್ನು ಶಿಕ್ಷಣದಿಂದ ಕಲಿಯುವುದು ಬಹು ಕಷ್ಟ. ನಿರಕ್ಷರನಾದ ರೈತನಿಗೆ ಇದು ಹುಟ್ಟುಗುಣವೆಂದು ಹೇಳಿ ಅವನನ್ನು ದೇವರನ್ನಾಗಿ ಮಾಡುವುದು ನಮ್ಮ ಉದ್ದೇಶವಲ್ಲ. ಈ ಓಲೆಗಳಲ್ಲಿ ಕೇವಲ ಚರ್ವಿತಚರ್ವಣವಾದುವೂ ಬೇಕಾದಷ್ಟಿವೆ. ಆದರೂ ಉತ್ತಮವಾದುವು ಉತ್ತಮವಾದುವೇ.

ಈಗ ನಮ್ಮ ಮುಖ್ಯವಿಚಾರಕ್ಕೆ ಬರೋಣ. ವ್ಯಂಜನೆಗೆ ಕಾರಣವಾಗುವ ವಿಶೇಷಗಳನ್ನು ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ಎಣಿಸುತ್ತಾನೆ: ಹೇಳುವವನು ಯಾರು, ಕೇಳುವವನು ಯಾರು, ಕಂಠಸ್ವರ ಹೇಗಿದೆ, ಸಂದರ್ಭ, ದೇಶ, ಕಾಲಗಳು ಯಾವುವು ಇತ್ಯಾದಿ. ಅವುಗಳಲ್ಲಿ “ಅನ್ಯಸನ್ನಿಧಿ” ಎಂಬುದೊಂದುಂಟು. ಮಾತು ಇಬ್ಬರ ನಡುವೆ ನಡೆಯುತ್ತಿರುವಾಗ ಮೂರನೆಯವನೊಬ್ಬನು ಹತ್ತಿರದಲ್ಲಿರುವುದೇ ಅನ್ಯಸನ್ನಿಧಿ. ಅವನು ಕೊಡುವ ಉದಾಹರಣೆ ಪ್ರಾಕೃತದ ಒಂದು ಗಾಹೆ. ಸೊಸೆಯೊಬ್ಬಳು, ಅತ್ತೆ ಹಗಲೆಲ್ಲ ಮನೆಗೆಲಸದಲ್ಲಿ ನೂಕುವಳೆಂದೂ, ಸಿಕ್ಕಿದರೆ ಸಂಜೆಯ ಒಂದು ಗಳಿಗೆ ಮಾತ್ರ ಬಿಡುವು ಸಿಗುವುದೆಂದೂ ನೆರೆಯವಳಲ್ಲಿ ಹೇಳಿಕೊಳ್ಳುತ್ತಾಳೆ. ಕೇಳುವುದಕ್ಕೆ ಇದು ಬರಿಯ ಗೋಳು. ಆದರೆ ಪಕ್ಕದಲ್ಲಿ ಏನೂ ಅರಿಯದವನಂತೆ ನಿಂತಿರುವ ಪ್ರಿಯನಿಗೆ, ಸಂಜೆ ಬಾ, ಎಂದು ಅದರ ಅರ್ಥ. ಪಾಠಶಾಲೆಗಳಲ್ಲಿ ಈ ಪ್ರಸಂಗ ಬಂದಾಗ ವಿದ್ಯಾರ್ಥಿಗಳು ಮುಸಿಮುಸಿ ನಗುವುದೂ ಗುರುಗಳು ಬೇಗ ಪುಟ ತಿರುಗಿಸುವುದೂ ಉಂಟು. ಆದರೆ ಇಲ್ಲಿ ಅಡಗಿರುವ ತತ್ತ್ವವು ಶೃಂಗಾರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಸಿಪಾಯಿಯ ಓಲೆಯು ಮನೆಯವರಿಗೆಂದು ಹೊರಟರೂ ನಡುವೆ ಮೂರನೆಯವನೊಬ್ಬನು ನಿಂತಿದ್ದನು. ಅವನು ನಿಂತಿರುವುದು ಸಿಪಾಯಿಗೆ ತಿಳಿದೇ ಇತ್ತು. ದಳದಲ್ಲಿ ಒಮ್ಮೆ, ಬುಲೋನಿನಲ್ಲಿ ಒಮ್ಮೆ ಓಲೆ ಓದಿಸಲ್ಪಡುವುದೆಂಬುದು ಬಹಿರಂಗವಾದ ಗುಟ್ಟು. ಆದುದರಿಂದ ಈ ಓಲೆಗಳ ಪ್ರತಿಯೊಂದು ವಾಕ್ಯವೂ ಅನ್ಯಸನ್ನಿಧಿಯಲ್ಲಿ ಆಡಿದ ವಾಕ್ಯ. ಇಷ್ಟನ್ನು ಒಪ್ಪಿದರೆ ಎರಡು ಬಗೆಯ ವ್ಯಂಗ್ಯಗಳು ತಾವಾಗಿಯೇ ಬೇರ್ಪಡುತ್ತವೆ. ಮೂರನೆಯವನಿಗೆ ತಿಳಿಯಬಾರದೆಂದು ಮನೆಯವರಿಗೆ ಹೇಳಿದ್ದು ಒಂದು. ಮನೆಯವರ ಹೆಸರಿನಲ್ಲಿ ಮೂರನೆಯವನಿಗೇ ಹೇಳಿದ್ದು ಇನ್ನೊಂದು. ಮಮ್ಮಟನ ಉದಾಹರಣೆಗೆ ನಿಜವಾಗಿ ಹೊಂದುವುದು ಈ ಎರಡನೆಯದು. ಚರಿತ್ರಕಾರರ ಗಮನವಾದರೋ ಬಹುವಾಗಿ ಮೊದಲನೆಯದರ ಮೇಲೆ.

ಮೊದಲನೆಯದಕ್ಕೆ ಎಲ್ಲರೂ ಎತ್ತಿ ಹೇಳುವ ದೃಷ್ಟಾಂತವು ಮೆಣಸಿನದು. ಹಿಂದೂಸ್ಥಾನದಿಂದ ಬಂದ ಕರಿಮೆಣಸು ಖರ್ಚಾಗುತ್ತ ಬಂದಿದೆ, ಕೆಂಪುಮೆಣಸಿನ ಖರ್ಚು ಅಷ್ಟಿಲ್ಲ ಎಂಬರ್ಥದ ಮಾತುಗಳು ಹಲವು ಓಲೆಗಳಲ್ಲಿ ಬರುತ್ತವೆ. ಕರಿದು ಭಾರತೀಯ ಸೈನ್ಯ, ಕೆಂಪು ಬಿಳಿಯರ ಸೈನ್ಯ. ಪರಿಶೋಧಕನಿಗೆ ಇದನ್ನು ಬಿಡಿಸುವುದು ಕಷ್ಟವಾಗಲಿಲ್ಲ. ಇದು ಚಮತ್ಕಾರವೆಂದು ಹೊಗಳುವವರಿದ್ದಾರೆ. ನಮ್ಮ ಮತದಲ್ಲಿ ಇದು ಸಂಕೇತವೇ ಹೊರತು ಧ್ವನಿಯಲ್ಲ. ಪ್ರಹೇಳಿಕೆಯಂತೆ, ಬೀಗದ ಕೈ ಸಿಕ್ಕಿದೊಡನೆ ಬಾಗಿಲು ತೆರೆಯುತ್ತದೆ, ಒಳಗೆ ಮತ್ತೇನೂ ಇರುವುದಿಲ್ಲ. ಕರಿಮೆಣಸು ಎಂಬ ಶಬ್ದದ ವಾಚ್ಯಾರ್ಥಕ್ಕೂ ಸಾಯುತ್ತಿರುವ ಮನುಷ್ಯನಿಗೂ ಬಣ್ಣವೊಂದನ್ನುಳಿದು ಬೇರೆ ಸಂಬಂಧವಿಲ್ಲ. ಬಾವಿಯ ಪ್ರಶ್ನೆಯನ್ನು ಹೀಗೆ ಬಿಡಿಸಿ ಮುಗಿಸಲಾಗುವುದಿಲ್ಲ. ಅಲ್ಲಿ ವಾಚ್ಯವೂ ನಿಜ, ಬಾವಿ ನಿಜವಾಗಿಯೂ ಬೇಕು, ವ್ಯಂಗ್ಯವೂ ನಿಜ. ಪರಿಶೋಧಕನು ಮೆಣಸನ್ನು ಕಂಡುಹಿಡಿದು ಬರೆದುಕೊಂಡನು, ಬಾವಿಯನ್ನು ಹೋಗಗೊಟ್ಟನು. ಎರಡರ ತಾರತಮ್ಯವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಎರಡನೆಯ ಬಗೆಗೆ ಬ್ರೈಟನ್ ಪಟ್ಟಣದ ಓಲೆಗಳನ್ನು ನೋಡಬೇಕು. ಅಲ್ಲಿಯ ರಾಯಲ್ ಪೆವಿಲಿಯನ್ ಎಂಬ ಹಳೆಯ ಅರಮನೆಯನ್ನು 1914ನೆಯ ಡಿಸೆಂಬರಿನಲ್ಲಿ ಗಾಯಾಳುಗಳಾದ ಭಾರತೀಯರ ಆಸ್ಪತ್ರೆಯನ್ನಾಗಿ ಮಾಡಿದರು. ಜಾತಿಮತಗಳಿಗೆ ತಕ್ಕಂತೆ 9 ಅಡುಗೆಮನೆಗಳು, ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನೀರಿನ ಕೊಳಾಯಿಗಳು. ತೀರಿಕೊಂಡ ಹಿಂದೂ ಸಿಖ್ಖರಿಗೆ ಊರ ಹೊರಗಿನ ಗುಡ್ಡದ ಮೇಲೆ ದಹನಸಂಸ್ಕಾರ. ಸಮುದ್ರಯಾನವನ್ನು ಪತನಹೇತುಗಳಲ್ಲಿ ಎಣಿಸಿದ ಬೌಧಾಯನನ ಮಾತನ್ನು ಕೇಳಿ ಬೆಳೆದ ಊರುಗಳಿಂದ ಬಂದವರಿಗೆ ಈ ಏರ್ಪಾಡು ಸಣ್ಣ ವಿಷಯವಾಗಿರಲಿಲ್ಲ. ಮನೆಯವರಿಗೆ ಅದನ್ನು ತಿಳಿಸಲು ಅವರು ಆತುರಪಟ್ಟುದು ಸಹಜ. ಅದರ ಜೊತೆಗೆ, ಬಾದಶಹರು ತಾವಿದ್ದ ಅರಮನೆಯನ್ನೇ ನಮಗೆ ಬಿಟ್ಟುಕೊಟ್ಟರೆಂಬ ಹೊಗಳಿಕೆಯೂ ಬರುತ್ತದೆ. ವಾಸ್ತವವಾಗಿ ಆ ಅರಮನೆಯನ್ನು 1850ರಲ್ಲಿಯೇ ರಾಜಮನೆತನದವರಿಂದ ಪಟ್ಟಣದವರು ಕೊಂಡುಕೊಂಡಿದ್ದರು. ಸಿಪಾಯಿಗಳಿಗೆ ಹಾಗೆ ತಿಳಿಯಹೇಳಿದ್ದರು, ಅವರು ನಂಬಿದರು ಎನ್ನಬಹುದು. ಆದರೆ ಅದೇ ಊರಿನ ಕಿಚನರ್ ಆಸ್ಪತ್ರೆಯಲ್ಲಿದ್ದವರಿಗೆ ಸುತ್ತ ಮುಳ್ಳುತಂತಿಯೂ ಕಾವಲೂ ಇದ್ದು, ಹೊರಗೆ ಹೋಗಗೊಡದ ವಿಷಯದಲ್ಲಿ ಕಹಿಯಾದ ಓಲೆಗಳೂ ಇವೆ. ಹೊಗಳಿಕೆಯಲ್ಲಿ ಎಷ್ಟು ಭಾಗ ಮನೆಯವರಿಗೆ, ಎಷ್ಟು ಭಾಗ ಪಕ್ಕದಲ್ಲಿ ನಿಂತವನಿಗೆ? ಅರಮನೆಯ ಒಡೆಯನು ತನ್ನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾನೆಂದು ತಿಳಿದವನ ಹೊಗಳಿಕೆಯು ಹೊಗಳಿಕೆಯೂ ಹೌದು, ಅರ್ಜಿಯೂ ಹೌದು. ಸುಳ್ಳೆಂದು ತಳ್ಳುವುದು ಎಷ್ಟು ತಪ್ಪೋ, ನಿಜವೆಂದು ಮುದ್ರೆಯೊತ್ತುವುದೂ ಅಷ್ಟೇ ತಪ್ಪು.

ರಡ್ಯರ್ಡ್ ಕಿಪ್ಲಿಂಗನು ಮಾಡಿದುದು ಮುದ್ರೆಯೊತ್ತುವ ಕೆಲಸ. ಸರ್ಕಾರದ ಕಡೆಯಿಂದ ಈ ಓಲೆಗಳ ಭಾಗಗಳನ್ನು ಅವನಿಗೆ ತೋರಿಸಿದ್ದರು. ಅವುಗಳ ಆಧಾರದಿಂದ ಅವನು ನಾಲ್ಕು ಕಲ್ಪಿತ ಬರಹಗಳನ್ನು ರಚಿಸಿ 1918ರಲ್ಲಿ “ದಿ ಐಸ್ ಆಫ್ ಏಷ್ಯಾ” ಎಂಬ ಹೆಸರಿನಿಂದ ಪ್ರಕಟಿಸಿದನು. ಕಿಪ್ಲಿಂಗನ ಕೈಚಳಕದಲ್ಲಿ ಸಂಶಯವಿಲ್ಲ. ಫ್ರಾನ್ಸಿನ ರೈತಹೆಂಗಸರ ದುಡಿಮೆ, ಅಲ್ಲಿಯ ವಿದ್ಯಾಭ್ಯಾಸ, ಹೊಲಗಳ ಅಚ್ಚುಕಟ್ಟು, ಇವುಗಳನ್ನು ಕಂಡು ಸಿಪಾಯಿ ಬೆರಗಾಗುವುದು ಮೂಲದಲ್ಲಿಯೂ ಇದೆ, ಅವನಲ್ಲಿಯೂ ಇದೆ. ಆದರೆ ಮೂಲದ ಆಕ್ಷೇಪಗಳ ಕಹಿ ಅವನಲ್ಲಿ ಬಹುವಾಗಿ ಇಳಿದಿದೆ. ಅನ್ಯಸನ್ನಿಧಿಯಲ್ಲಿ ಆಡಿದ ಮಾತನ್ನು ಏಕಾಂತದ ಮಾತೆಂದು ಬಗೆದುದು ಅವನ ದೋಷ. ಅದೇ ಯುದ್ಧದ ಕಂದಕವನ್ನು ಕುರಿತು ಚಂದ್ರಧರ ಶರ್ಮ ಗುಲೇರಿಯವರು 1915ರಲ್ಲಿ ಹಿಂದಿಯಲ್ಲಿ ಬರೆದ “ಉಸ್‌ನೇ ಕಹಾ ಥಾ” ಎಂಬ ಸಣ್ಣಕತೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಗುಲೇರಿಯವರು ಸಂಸ್ಕೃತಪಂಡಿತರು, ಫ್ರಾನ್ಸನ್ನು ಕಂಡವರಲ್ಲ. ಆದರೂ ಅವರ ಲಹನಾಸಿಂಗನು ಸಾಯುವಾಗ ನೆನೆಯುವುದು ಬಾದಶಹನನ್ನಲ್ಲ, ಅಮೃತಸರದ ಬೀದಿಯನ್ನೂ ತನ್ನ ಮಾವಿನ ಗಿಡವನ್ನೂ.

ಹೋವೆಲನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 1915ನೆಯ ಜನವರಿಯಲ್ಲಿ ಬರೆದ ವರದಿಯಲ್ಲಿ ಅವನು, ಸಿಪಾಯಿಗಳು ಓಲೆಗಳಲ್ಲಿ ಪದ್ಯಕ್ಕೆ ತೊಡಗುತ್ತಿರುವುದು ಹೆಚ್ಚುತ್ತಿದೆಯೆಂದೂ, ಅದು ಮನಸ್ಸಿನ ಅಸ್ವಸ್ಥತೆಯ ಅಶುಭಸೂಚನೆಯೆಂದು ತನಗೆ ತೋರುವುದೆಂದೂ ಬರೆದನು. ಇದನ್ನು ಉದ್ಧರಿಸಿ ನಗುವುದು ವಾಡಿಕೆಯಾಗಿದೆ. ನಮಗೆ ನಗು ಬರಲಿಲ್ಲ. ಕ್ರೌಂಚವಧೆಯನ್ನು ಕಂಡ ಋಷಿಯ ಶೋಕವು ಶ್ಲೋಕವಾಯಿತೆಂದು ನಾವು ಆದಿಕಾವ್ಯದ ಉತ್ಪತ್ತಿಯನ್ನು ಹೇಳಿಕೊಳ್ಳುತ್ತೇವಷ್ಟೆ. ಪರಿಶೋಧಕನೂ ಅದನ್ನೇ ಹೇಳಿದನು, ದಂಡಿನ ಆರೋಗ್ಯವನ್ನು ನೋಡುವವನ ಭಾಷೆಯಲ್ಲಿ ಹೇಳಿದನು. ಪದ್ಯ ಹುಟ್ಟಬೇಕಾದರೆ ಒಳಗೆ ಏನೋ ಮುರಿದಿರಬೇಕೆಂದು ಅವನಿಗೆ ಗೊತ್ತಾಯಿತು. ಲಕ್ಷಗಟ್ಟಲೆ ಓಲೆಗಳು ಹಾದುಹೋದ ಆ ಕಚೇರಿಯಲ್ಲಿ ಅವನು, ತನಗೆ ಬೇಡದಿದ್ದರೂ, ಒಂದು ಬಗೆಯ ಸಹೃದಯನಾಗಿಬಿಟ್ಟಿದ್ದನು. ಈ ಯುದ್ಧವನ್ನು ಮಹಾಭಾರತಕ್ಕೆ ಹೋಲಿಸಿದವರು, ಇದು ಯುದ್ಧವಲ್ಲ ಪ್ರಳಯವೆಂಬ ಭಾವವನ್ನು ತೋಡಿಕೊಂಡವರು, ಮೊದಲು ಮುಟ್ಟಿದುದು ಅವನನ್ನೇ.

ಇನ್ನು ರಾಜಕೀಯ. ಈ ಓಲೆಗಳಿಂದ ರಾಜಭಕ್ತಿಯನ್ನು ಹಿಂಡಿ ತೆಗೆದವರು ಹಿಂದೆ ಇದ್ದರು. ರಾಜದ್ರೋಹವನ್ನು ಹಿಂಡಿ ತೆಗೆಯುವವರು ಈಗ ಇದ್ದಾರೆ. ಇಬ್ಬರಿಗೂ ಬೇಕಾದ ವಾಕ್ಯಗಳು ಸಿಕ್ಕುತ್ತವೆ, ಎಷ್ಟೋ ಸಲ ಒಂದೇ ಓಲೆಯಲ್ಲಿ. ಸರ್ಕಾರದ ಉಪ್ಪು ತಿಂದಿದ್ದೇವೆ, ಮಾನವಾಗಿ ಸಾಯುವುದೇ ಲೇಸು ಎನ್ನುವವನೇ, ತಮ್ಮನನ್ನು ಯಾವ ಕಾರಣಕ್ಕೂ ದಂಡಿಗೆ ಸೇರಗೊಡಬೇಡಿರೆಂದು ಮನೆಗೆ ಬರೆಯುತ್ತಾನೆ. ಇದನ್ನು ಕಪಟವೆಂದೂ ಚಿತ್ತಚಾಂಚಲ್ಯವೆಂದೂ ವ್ಯಾಖ್ಯಾನಿಸುತ್ತಾರೆ. ನಮ್ಮ ಹಳಗನ್ನಡದ ಓದುಗರು ಮಾತ್ರ ಇಲ್ಲಿ ಎಡವಬೇಕಾದ ಕಾರಣವಿಲ್ಲ. ಜೋಳವಾಳಿ ಎಂಬ ಶಬ್ದ ಅವರಿಗೆ ಪರಿಚಿತ. ಅನ್ನವಿಕ್ಕಿದವನಿಗೆ ವೀರನು ಸಲ್ಲಿಸಬೇಕಾದ ಋಣವೇ ಜೋಳವಾಳಿ; ಪಂಪನ ಕರ್ಣನ ಸಂಕಟವೆಲ್ಲ ಅದರ ಸುತ್ತ ಹೆಣೆದದ್ದು. ಸಿಪಾಯಿಯು ಹೇಳುವ ಉಪ್ಪಿನ ಋಣವು ಈ ಜೋಳವಾಳಿಯ ಉತ್ತರದೇಶದ ರೂಪ. ಇದು ರಾಜಭಕ್ತಿಯೆಂದು ಪರಿಶೋಧಕನು ಬಗೆದನು. ಭಕ್ತಿಗೂ ಋಣಕ್ಕೂ ಒಂದು ಮುಖ್ಯ ಭೇದವಿದೆ: ಭಕ್ತಿಗೆ ಕೊನೆಯಿಲ್ಲ, ಋಣವನ್ನು ತೀರಿಸಿ ಮುಗಿಸಬಹುದು.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ, ಸಿಪಾಯಿಗಳ ಅತ್ಯಂತ ತೀವ್ರವಾದ ಆಕ್ಷೇಪವು ಏಕೆ ಅದೊಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳುತ್ತದೆಂಬುದು ತಿಳಿಯುತ್ತದೆ. ಗಾಯಗೊಂಡು ಗುಣವಾದವನನ್ನು ಊರಿಗೆ ಕಳುಹಿಸದೆ ಮರಳಿ ಕಂದಕಕ್ಕೆ ಕಳುಹಿಸುತ್ತಾರೆಂಬುದೇ ಆ ಆಕ್ಷೇಪ. ಚಳಿ, ಕೆಸರು, ಫಿರಂಗಿಯ ಮಳೆ ಇವುಗಳನ್ನು ವಿಧಿಯೆಂದು ಸಹಿಸಿದವರು ಇದನ್ನು ಅನ್ಯಾಯವೆಂದರು. ಜೀವಭಯವೆಂದಷ್ಟೇ ಇದಕ್ಕೆ ಕಾರಣ ಹೇಳಿದರೆ ಸಾಲದು, ಜೀವಭಯವು ಮೊದಲ ದಿನವೂ ಇತ್ತು. ಅವರ ಲೆಕ್ಕದಲ್ಲಿ ಗಾಯವೇ ಸಾಲಪತ್ರದ ತೀರುವಳಿ. ರಕ್ತ ಕೊಟ್ಟಾಯಿತು, ಪತ್ರ ಹರಿಯಬೇಕು. ತೀರಿದ ಸಾಲವನ್ನು ಎರಡನೆಯ ಸಲ ವಸೂಲು ಮಾಡುವ ಸಾಹುಕಾರನು ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿದ್ದವನೇ. ಹೊಲ ಅಡವಿಟ್ಟು ಬಂದವರು ಅವರು. ಹೀಗೆ ಮನೆಯ ಚಿಂತೆ, ಬೀಡಿನ ಬದುಕು, ರಾಜಕೀಯ ಎಂದು ನಾವು ಮೂರಾಗಿ ವಿಂಗಡಿಸುವುದು ಅವರ ಓಲೆಗಳಲ್ಲಿ ಒಂದೇ ಲೆಕ್ಕದ ಪುಸ್ತಕ. ಅಡವಿನ ಹೊಲವನ್ನು ಕುರಿತ ಪ್ರಶ್ನೆಗೂ ಸರ್ಕಾರವನ್ನು ಕುರಿತ ಮಾತಿಗೂ ಭಾಷೆ ಒಂದೇ ಆಗಿದೆ. ಇದನ್ನು ದ್ರೋಹವೆಂದರೆ ಅತಿಯಾಯಿತು. ಭಕ್ತಿಯೆಂದರೆ ಅರ್ಥವೇ ಕೆಟ್ಟಿತು.

ಓಲೆಗಳಲ್ಲಿ ಮೂಲದ ವಾಣಿ ಇಲ್ಲವೆಂದು ಮೊದಲು ಕೊರಗಿದೆವು. ಆ ವಾಣಿಯೇ ಉಳಿದಿರುವ ಸ್ಥಳವೊಂದುಂಟು, ಅದು ಶತ್ರುವಿನ ಬೀಡು. ಬರ್ಲಿನ್ನಿನ ದಕ್ಷಿಣಕ್ಕೆ ವುನ್ಸ್‌ಡೋರ್ಫ್ ಎಂಬಲ್ಲಿ ಸೆರೆಸಿಕ್ಕ ಭಾರತೀಯರನ್ನು ಜರ್ಮನರು ಇರಿಸಿದ್ದರು. ಅವರನ್ನು ಬ್ರಿಟಿಷರ ವಿರುದ್ಧ ತಿರುಗಿಸಲು ಯತ್ನಿಸಿದರು, ಅವರಿಗಾಗಿ ಪತ್ರಿಕೆಯನ್ನು ಅಚ್ಚುಮಾಡಿದರು, 1915ರಲ್ಲಿ ಮುಸಲ್ಮಾನರಿಗಾಗಿ ಮಸೀದಿಯನ್ನೂ ಕಟ್ಟಿದರು. ಅಷ್ಟಲ್ಲದೆ, ಅವರ ಭಾಷೆಗಳನ್ನು ಧ್ವನಿಮುದ್ರಿಸಲು ವಿದ್ವಾಂಸರ ಮಂಡಲಿಯೊಂದನ್ನು ಕಳುಹಿಸಿದರು. ಅದರಲ್ಲಿ ಭಾರತೀಯ ಭಾಷೆಗಳ ಕೆಲಸವನ್ನು ನೋಡಿಕೊಂಡವರು ಹೈನ್ರಿಖ್ ಲ್ಯೂಡರ್ಸ್. ತುರ್ಫಾನಿನ ಓಲೆಗರಿಗಳ ಚೂರುಗಳಿಂದ ಬೌದ್ಧನಾಟಕಗಳನ್ನು ಬೆಳಕಿಗೆ ತಂದವರು, 1908ರಲ್ಲಿ ಮಹಾಭಾರತದ ಶುದ್ಧಪಾಠಕ್ಕೆ ಮಾದರಿಯನ್ನು ಅಚ್ಚು ಹಾಕಿ ತೋರಿಸಿದವರು ಇವರೇ. ಈ ಮಹಾವಿದ್ವಾಂಸರು ಸಿಪಾಯಿಯ ಮಾತಿಗೆ ಕಿವಿಗೊಟ್ಟದ್ದು ವ್ಯಾಕರಣಕ್ಕಾಗಿ. ಅವನು ಏನು ಹೇಳಿದನೆಂಬುದು ಮಂಡಲಿಗೆ ಮುಖ್ಯವಾಗಿರಲಿಲ್ಲ. ಮನೆ ಬಿಟ್ಟುಹೋಗಿ ಹಿಂದಿರುಗಿದ ಮಗನ ಕ್ರೈಸ್ತದೃಷ್ಟಾಂತವನ್ನು ಭಾಷೆಯ ಮಾದರಿಗಾಗಿ ಓದಿಸುವ ವಾಡಿಕೆಯೂ ಆ ಕಾಲದ ಭಾಷಾಶೋಧಕರಲ್ಲಿತ್ತು. ಸೆರೆಯಲ್ಲಿದ್ದವರ ಬಾಯಲ್ಲಿ ಆ ಕತೆ ಹೇಗೆ ಕೇಳಿಸುವುದೆಂದು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

1916ನೆಯ ಡಿಸೆಂಬರ್ 11ರಂದು ಪಂಜಾಬಿನ ಸಿಖ್ ಸಿಪಾಯಿಯೊಬ್ಬನು ಆ ಯಂತ್ರದ ಕೊಂಬಿನ ಮುಂದೆ ಒಂದು ನಿಮಿಷದಷ್ಟು ಮಾತಾಡಿದನು. ಆ ಮುದ್ರಿಕೆಯು ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾನಿಲಯದ ಧ್ವನಿಭಂಡಾರದಲ್ಲಿದೆ. 2007ರಲ್ಲಿ ಅದರ ಮೇಲೆ ಚಲಚ್ಚಿತ್ರವೊಂದು ಬಂದ ಮೇಲೆ ಹಲವರು ಅದನ್ನು ಕೇಳಿದ್ದಾರೆ. ಅವನು ತನ್ನನ್ನು “ನಾನು” ಎನ್ನುವುದಿಲ್ಲ. ಅಜ್ಜಿಯ ಕತೆಯಂತೆ, ಒಬ್ಬ ಮನುಷ್ಯನಿದ್ದನೆಂದು ಆರಂಭಿಸುತ್ತಾನೆ. ಹಿಂದೂಸ್ಥಾನದಲ್ಲಿ ಅವನು ಬೆಣ್ಣೆ ತಿನ್ನುತ್ತಿದ್ದನಂತೆ, ಎರಡು ಸೇರು ಹಾಲು ಕುಡಿಯುತ್ತಿದ್ದನಂತೆ. ಯೂರೋಪಿನ ಯುದ್ಧಕ್ಕೆ ಬಂದನು, ಜರ್ಮನರಿಗೆ ಸೆರೆಯಾದನು. ಊರಿಗೆ ಹೋದರೆ ಅದೇ ಊಟ ಸಿಗುವುದು, ಇಲ್ಲಿ ಇನ್ನೆರಡು ವರ್ಷ ಇರಬೇಕಾದರೆ ಸಾಯುವನು. ಇಷ್ಟೇ ಅದರ ವಸ್ತು. ಬೀಡಿನ ದೈನ್ಯವನ್ನು ಹೇಳುವುದಕ್ಕೆ ಅವನು ಬೀಡನ್ನು ವರ್ಣಿಸಲೇ ಇಲ್ಲ. ಬೆಣ್ಣೆಯನ್ನು ಎರಡು ಸಲ ನೆನೆದನು. ಇಲ್ಲಿಯೂ ಅನ್ಯಸನ್ನಿಧಿಯುಂಟು, ಕೊಂಬಿನ ಹಿಂದೆ ಅಧಿಕಾರಿಗಳಿದ್ದರು, ಆಡಬೇಕಾದುದನ್ನು ಮೊದಲೇ ಬರೆದುಕೊಳ್ಳುವ ಕ್ರಮವೂ ಇತ್ತು. ಅಂಥವರ ಮುಂದೆ “ನಾನು ಸಾಯುತ್ತಿದ್ದೇನೆ” ಎಂದರೆ ಬೇಡಿಕೆಯಾಗುತ್ತದೆ. ಯಾರೋ ಒಬ್ಬನು ಸಾಯುವನೆಂದರೆ ಅದು ಕತೆ. ಮಾನವನ್ನು ಬಿಡದೆ ಸಂಕಟವನ್ನು ಹೇಳಲು ಇದಕ್ಕಿಂತ ಸೂಕ್ಷ್ಮವಾದ ಉಪಾಯವನ್ನು ನಾವು ಕಂಡಿಲ್ಲ. ಆ ಬೀಡಿನ ಬಳಿಯ ತ್ಸೆರೆನ್ಸ್‌ಡೋರ್ಫಿನ ಸ್ಮಶಾನದಲ್ಲಿ 206 ಮಂದಿ ಭಾರತೀಯರ ಗೋರಿಗಳಿವೆ ಎಂಬುದನ್ನು ತಿಳಿದು ಕೇಳಿದಾಗ, ಅವನ ಭಯವು ಅತಿಶಯೋಕ್ತಿಯಲ್ಲವೆಂಬುದೂ ತಿಳಿಯುತ್ತದೆ.

ಈ ಓಲೆಗಳನ್ನೂ ಧ್ವನಿಪಾಠಗಳನ್ನೂ ಕನ್ನಡಕ್ಕೆ ತರುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ. ಅವರಿಗೆ ನಮ್ಮ ಸೂಚನೆಗಳು ಎರಡೇ. ಓಲೆಗಳ ಮಟ್ಟಿಗೆ ಇಂಗ್ಲಿಷೊಂದೇ ಗತಿಯಾದುದರಿಂದ, ಅಲ್ಲಿಯ ಗೌರವವಾಚಕ ಪದಗಳನ್ನು ಸಂಸ್ಕೃತದಿಂದ ಮತ್ತಷ್ಟು ಉಬ್ಬಿಸದೆ, ಮಾನ, ಋಣ, ಉಪ್ಪು, ಅಡವು ಎಂದು ಹಳ್ಳಿಯ ಮಾತಿನಲ್ಲಿಯೇ ಇಳಿಸಬೇಕು. ಈ ವಿಷಯದಲ್ಲಿ ನಾವು ಕಂಬಳಿಯನ್ನು ನುಂಗಿದವರಾದ್ದರಿಂದ ಬುದ್ಧಿ ಹೇಳುವ ಅಧಿಕಾರ ನಮಗುಂಟು. ಧ್ವನಿಮುದ್ರಿಕೆಯ ಮಟ್ಟಿಗೆ ಇಂಗ್ಲಿಷನ್ನು ದೂರವಿಟ್ಟು ಪಂಜಾಬಿಯನ್ನು ಬಲ್ಲವರೊಡನೆ ಕುಳಿತು ನೇರವಾಗಿ ತರಬೇಕು. ಆಗ ಗಮನಿಸಬೇಕಾದ ಸ್ಥಳವೊಂದಿದೆ. ಉದ್ದಕ್ಕೂ ಅವನು, ಅವನು ಎಂದು ಸಾಗಿದ ಮಾತು ಕಡೆಯಲ್ಲಿ, ದೇವರ ದಯೆಯಿಂದ ಸಂಧಿಯಾದರೆ ಹಿಂದಿರುಗುವುದನ್ನು ಹೇಳುವಾಗ, ಇದ್ದಕ್ಕಿದ್ದಂತೆ ನಾವು ಎಂದಾಗುತ್ತದೆ. ಪುರುಷಭೇದವು ವ್ಯಾಕರಣದೋಷವೆಂದು ಬಗೆದು ಅದನ್ನು ತಿದ್ದಬಾರದು.